ಎದುರಿಗೆ ನಿಲ್ಲಬೇಡ

ನನ್ನ ಭಾವನಿಗೆ ಮೀನು ತಪ್ಪಿಸಿಕೊಂಡರೆ ಸಿಟ್ಟು ಬರುತ್ತಿರಲಿಲ್ಲ. ಕೊಕ್ಕೆಗೆ ಸಿಕ್ಕಿ, ದಡದವರೆಗೂ ಬಂದು, ಕೊನೆಯ ಗಳಿಗೆಯಲ್ಲಿ ಬಾಲ ಬಡಿದು ನೀರಿಗೆ ಹಾರಿದ ಮೀನನ್ನು ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಹೋಗು ಮಗನೇ, ನಿನ್ನ ಆಯಸ್ಸು ಗಟ್ಟಿ" ಅನ್ನುತ್ತಿದ್ದ. ಆದರೆ ಗಾಳ ಹೋದರೆ ಮಾತ್ರ ಅವನು ಮನುಷ್ಯನಾಗಿ ಉಳಿಯುತ್ತಿರಲಿಲ್ಲ. ನೀರಿನ ತಳದಲ್ಲಿ ಕೊಕ್ಕೆ ಏನಕ್ಕೋ ಸಿಕ್ಕಿಕೊಂಡು, ದಾರ ಕಿತ್ತು, ಕೊಕ್ಕೆ ಮತ್ತು ಸೀಸದ ಗುಂಡು ಎರಡೂ ಅಲ್ಲೇ ಉಳಿದು, ಬರಿಯ ದಾರದ ತುದಿ ಗಾಳಿಯಲ್ಲಿ ತೇಲಿಕೊಂಡು ವಾಪಸು ಬಂತೆನ್ನಿ, ಅವನ ಪಿತ್ತ ನೆತ್ತಿಗೇರುತ್ತಿತ್ತು. ಕೈಯಲ್ಲಿದ್ದ ಗಾಳದ ಕೋಲನ್ನು ಮೊಣಕಾಲಿಗೆ ಕೊಟ್ಟು ಲಟಕ್ಕೆಂದು ಮುರಿಯುತ್ತಿದ್ದ. ಅದು ಸಾಲದೆ ಎರಡು ತುಂಡನ್ನೂ ಜೋಡಿಸಿ ಹಿಡಿದು ಮತ್ತೊಮ್ಮೆ ಮುರಿಯುತ್ತಿದ್ದ. ಆಮೇಲೆ ನೀರಿಗೆ ಕಲ್ಲು ಹೊಡೆಯುತ್ತಿದ್ದ, ಅದರ ತಾಯಿ ಅಕ್ಕತಂಗಿಯರನ್ನೆಲ್ಲ ಎತ್ತಿ ಬೈಯುತ್ತಿದ್ದ. ಅವನ ಜೊತೆ ಗಾಳ ಹಾಕಲು ಬರುವವರೆಲ್ಲ ಅವನಿಗೆ ಲಟಕ್ಕಣ್ಣ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಹಲ್ಲಿನ ಮೇಲೆ ಎಲ್ಲರಿಗೂ ಆಸೆ ಇರುತ್ತದಲ್ಲ.

ಅವನು ನನ್ನ ಅಕ್ಕನ ಗಂಡ. ಮುಖಾಮುಖಿ ನಾನೂ 'ನೀವು' ಎಂದೇ ಮಾತಾಡಿಸುವುದು. ಇಲ್ಲಿ 'ಅವನು' ಅನ್ನುತ್ತಿದ್ದೇನೆ. ಆ ಹಕ್ಕು ನನಗೆ ಹೇಗೆ ಬಂತು ಅನ್ನುವುದು ಓದಿದವರಿಗೆ ತಿಳಿಯುತ್ತದೆ.

ಭಾವನದು ಟೈರ್ ಅಂಗಡಿ. ದೊಡ್ಡ ರಸ್ತೆ ತಿರುಗುವಲ್ಲಿ, ಲಾರಿಗಳು ನಿಲ್ಲುವ ಮೈದಾನದ ಎದುರಿಗೆ. ಪಕ್ಕದ ಮಳಿಗೆ ನನ್ನದು, ನಾನು ವಾಹನಗಳ ಸೀಟಿಗೆ ಕವರ್ ಹೊಲಿಯುತ್ತೇನೆ. ನಡುವೆ ಒಂದು ಗೋಡೆ ಅಷ್ಟೇ. ಬೆಳಗಿನಿಂದ ಸಂಜೆಯವರೆಗೆ ಆ ಗೋಡೆಯಾಚೆಯಿಂದ ಸುತ್ತಿಗೆಯ ಪೆಟ್ಟು, ಕಂಪ್ರೆಸರಿನ ಗುರ್ರೆನ್ನುವ ಸದ್ದು, ಭಾವನ ಬೈಗುಳ, ಮೂರೂ ಒಂದೇ ಲಯದಲ್ಲಿ ಕೇಳುತ್ತಿದ್ದವು. ಅವನ ಕೆಲಸವೇ ಬಡಿಯುವುದು, ಮೀಟುವುದು, ಎಳೆಯುವುದು. ತುಕ್ಕು ಹಿಡಿದ ರಿಮ್ಮಿಗೆ ಕಚ್ಚಿಕೊಂಡ ಲಾರಿ ಟೈರನ್ನು ಎರಡು ಕಬ್ಬಿಣದ ಸಲಾಕೆ ಹಾಕಿ, ಮೇಲೆ ನಿಂತು, ಮೈಭಾರವೆಲ್ಲ ಬಿಟ್ಟು ಕಿತ್ತು ತೆಗೆಯುತ್ತಿದ್ದ. ಬರಲ್ಲ ಅಂದದ್ದನ್ನು ಬರಿಸುವುದೇ ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ಆ ವಿದ್ಯೆಯಿಂದ ಮೂರು ಹೊತ್ತಿನ ಊಟವೂ ನಡೆಯುತ್ತಿತ್ತು, ಹಾಗಾಗಿ ಅದರಲ್ಲಿ ತಪ್ಪಿದೆ ಎಂದು ಅವನಿಗೆ ಅನ್ನಿಸಲು ಕಾರಣವೇ ಇರಲಿಲ್ಲ.

ಅಂಗಡಿಯ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ವಕ್ರವಕ್ರ ಅಕ್ಷರಗಳಲ್ಲಿ ಅವನೇ ಬರೆದದ್ದು ಒಂದು ಸಾಲು: ಗಾಳಿ ತುಂಬುವಾಗ ಎದುರಿಗೆ ನಿಲ್ಲಬೇಡ. ಲಾರಿ ಚಕ್ರಕ್ಕೆ ಟೈರು ಕೂರಿಸಿದ ಮೇಲೆ ಅದು ಜಾರದಿರಲೆಂದು ಉಕ್ಕಿನ ಒಂದು ದಪ್ಪ ಬಳೆ ಹಾಕುತ್ತಾರೆ. ಆ ಬಳೆ ಸರಿಯಾಗಿ ಕೂರದಿದ್ದರೆ, ಒಳಗೆ ಗಾಳಿ ತುಂಬುತ್ತಿದ್ದಂತೆ ಅದು ಹಾರುತ್ತದೆ. ಭಾವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೋದದ್ದು ಹಾಗೇ. ಬಗ್ಗಿ ಗಾಳಿಯ ಪೈಪು ನೋಡುತ್ತಿದ್ದವನ ದವಡೆಯನ್ನು ಆ ಬಳೆ ಕಿತ್ತುಕೊಂಡು ಹೋಯಿತು. ಭಾವ ಆಗ ಪಕ್ಕದಲ್ಲೇ ನೆಲ ಗುಡಿಸುತ್ತಿದ್ದನಂತೆ. ಗೋಡೆಗೆ ಸಿಡಿದ ರಕ್ತವನ್ನು ತೊಳೆದದ್ದೂ ಅವನೇ. ಅದನ್ನು ಅವನು ಹೇಳುವಾಗ ದನಿ ಏರುತ್ತಿರಲಿಲ್ಲ, ಬೇರೆಯವರ ಕಥೆ ಎಂಬಂತೆ ಹೇಳಿ ಮುಗಿಸುತ್ತಿದ್ದ.

ಒಂದು ಸಲ ನಾನು ಕತ್ತರಿ ಸಾಣೆ ಹಿಡಿಯಲು ಅವನ ಕಲ್ಲು ಕೇಳೋಣವೆಂದು ಹೋಗಿ, ಗಮನವಿಲ್ಲದೆ ಗಾಳಿ ತುಂಬುತ್ತಿದ್ದ ಚಕ್ರದ ಎದುರಿಗೆ ನಿಂತೆ. ಅವನು ಪೈಪು ಬಿಸಾಕಿ ಬಂದವನೇ ನನ್ನ ಕೆನ್ನೆಗೆ ಬಾರಿಸಿದ. ನಾನೇನು ಹುಡುಗನಲ್ಲ, ಎರಡು ಮಕ್ಕಳ ಅಪ್ಪ. ಕಿವಿಯಲ್ಲಿ ಸಿಳ್ಳೆ ಹೊಡೆದಂತಾಯಿತು, ಕಣ್ಣಿಗೆ ಕತ್ತಲೆ ಕಟ್ಟಿತು.

"ಗೋಡೆ ಮೇಲೆ ಬರೆದಿರೋದು ಯಾವನಿಗೋ? ಓದಕ್ಕೆ ಬರಲ್ವಾ ನಿಂಗೆ?"

"ಭಾವ, ಬಾಯಲ್ಲಿ ಹೇಳಿದ್ರೆ ಆಗ್ತಿತ್ತು."

"ಬಾಯಲ್ಲಿ ಹೇಳೋಷ್ಟರಲ್ಲಿ ನಿನ್ನ ತಲೆ ಎಲ್ಲಿರ್ತಿತ್ತು ಗೊತ್ತಾ? ನಿಮ್ಮಕ್ಕನಿಗೆ ನಾನು ಏನಂತ ಹೇಳ್ಬೇಕಿತ್ತು?"

ಮೂರು ದಿನ ಕೆನ್ನೆ ಊದಿಕೊಂಡಿತ್ತು. ಅದು ಪ್ರೀತಿಯ ಪೆಟ್ಟು ಎಂದು ಎಲ್ಲರೂ ಸಮಾಧಾನ ಹೇಳಿದರು. ಪ್ರೀತಿಯ ಪೆಟ್ಟಿಗೂ ಬರೀ ಪೆಟ್ಟಿಗೂ ನೋವಿನಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿದೆ, ಯಾಕೆಂದರೆ ನಾನು ಬೆಳೆದ ಮನೆ ಅಂಥದು.

ಅದನ್ನೂ ಹೇಳಿಬಿಡುತ್ತೇನೆ. ನಮ್ಮಪ್ಪ ಮೊದಲು ಲೋಟ ಎಸೆದ. ಆಮೇಲೆ ತಟ್ಟೆ. ಆಮೇಲೆ ಗೋಡೆಯ ಗಡಿಯಾರ. ಒಂದು ದಿನ ಕುರ್ಚಿ ಎತ್ತಿ ನೆಲಕ್ಕೆ ಬಡಿದ, ಅದರ ಕಾಲು ಕೈಗೆ ಬಂತು, ಬಂದ ಕಾಲಿನಿಂದ ಅಮ್ಮನಿಗೆ ಹೊಡೆದ. ಅಲ್ಲಿಂದಾಚೆ ಸಾಮಾನು ಒಡೆಯುವುದನ್ನು ಬಿಟ್ಟೇಬಿಟ್ಟ. ಅಕ್ಕ ನನ್ನನ್ನು ಅಡುಗೆಮನೆಯ ಬಾಗಿಲ ಹಿಂದೆ ಒತ್ತಿ ಹಿಡಿದುಕೊಂಡು ಇದನ್ನೆಲ್ಲ ನೋಡಿದವಳು. ನನಗಿಂತ ದೊಡ್ಡವಳು, ನನಗಿಂತ ಚೆನ್ನಾಗಿ ನೋಡಿದವಳು. ಹಾಗಾಗಿ ಮದುವೆಯಾದ ಹೊಸತರಲ್ಲಿ ಭಾವ ಮುರಿದ ಮೊದಲ ಗಾಳದ ಕೋಲನ್ನು ಮನೆಗೆ ತಂದು ಮೂಲೆಗೆಸೆದಾಗ ಅವಳು ಅದನ್ನು ಎತ್ತಿ ಬಾಲ್ಕನಿಯಲ್ಲಿಟ್ಟಳು. ಆದರೆ ಆವತ್ತಿನಿಂದ ಅವಳು ಕಾಯತೊಡಗಿದಳು. ಕೋಲಿನ ಮೇಲೆ ತೀರುತ್ತಿರುವ ಈ ಸಿಟ್ಟು ಕೋಲಿನಲ್ಲೇ ಮುಗಿಯುತ್ತದೋ, ಇಲ್ಲ ಒಂದು ದಿನ ತನ್ನತ್ತ ತಿರುಗುತ್ತದೋ? ಅವಳ ಇಡೀ ಸಂಸಾರ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ಹೊರಗಿನವರಿಗೆ ಇದು ತಿಳಿಯುತ್ತಿರಲಿಲ್ಲ. ಮುರಿದ ತುಂಡುಗಳನ್ನು ಅವಳು ಬಾಲ್ಕನಿಯ ಡಬ್ಬಗಳಲ್ಲಿ ನೆಟ್ಟು ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡುತ್ತಿದ್ದಳು. "ನಿಮ್ಮ ಭಾವನ ದಯೆಯಿಂದ ನನ್ನ ಗಿಡಗಳು ಒಂದೂ ಬಗ್ಗಿಲ್ಲ ನೋಡು" ಎಂದು ನಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಗಿಡಗಳಿಗಿಂತ ಕೋಲುಗಳೇ ಜಾಸ್ತಿಯಾದವು.

ಈಗ ಗಾಳದ ವಿಷಯ. ಊರಾಚೆ ಒಂದು ಹಳೆಯ ಕಲ್ಲುಗಣಿ ಇದೆ. ಕಲ್ಲು ತೆಗೆಯುವುದು ನಿಂತು ನೀರು ತುಂಬಿ ಅದೊಂದು ದೊಡ್ಡ ಹೊಂಡವಾಗಿದೆ. ತಳದಲ್ಲಿ ಗಣಿಯವರು ಬಿಟ್ಟುಹೋದ ಕಬ್ಬಿಣದ ಹಗ್ಗಗಳು, ಮುರುಕು ಟ್ರಾಲಿಗಳು, ಯಂತ್ರದ ಹಲ್ಲುಚಕ್ರಗಳು ಎಲ್ಲ ಹಾಗೇ ಬಿದ್ದಿವೆ. ಮೀನು ಚೆನ್ನಾಗಿವೆ, ಆದರೆ ಹಾಕಿದ ಗಾಳದಲ್ಲಿ ಅರ್ಧ ವಾಪಸು ಬರುವುದಿಲ್ಲ. ಬುದ್ಧಿ ಇರುವವರು ಬೇರೆ ಕೆರೆಗೆ ಹೋಗುತ್ತಾರೆ. ಭಾವನಿಗೆ ಇದೇ ಬೇಕು. ಕೊಡಲ್ಲ ಅನ್ನುವ ನೀರು, ಬಿಡಲ್ಲ ಅನ್ನುವ ಇವನು. ಒಳ್ಳೆ ಜೋಡಿ.

ಗಾಳದ ಸರಂಜಾಮು ಬಹುಪಾಲು ಅವನ ಸ್ವಂತ ಕೈಯದು. ಕಾರಿನ ಚಕ್ರ ಅಲ್ಲಾಡದಿರಲೆಂದು ರಿಮ್ಮಿನ ಅಂಚಿಗೆ ಬಡಿಯುವ ಸೀಸದ ತುಣುಕುಗಳಿರುತ್ತವೆ. ಹಳೆಯದನ್ನು ಕಿತ್ತು ಡಬ್ಬಿಯಲ್ಲಿ ಕೂಡಿಟ್ಟು, ಸ್ಟೌವಿನ ಮೇಲೆ ಕರಗಿಸಿ, ಮರಳಿನಲ್ಲಿ ಹೆಬ್ಬೆಟ್ಟು ಒತ್ತಿ ಮಾಡಿದ ಗುಂಡಿಗೆ ಸುರಿದು, ಮೊಟ್ಟೆಯಾಕಾರದ ಭಾರವಾದ ಗುಂಡು ಮಾಡುತ್ತಿದ್ದ. ಒಂದೊಂದರ ಮೇಲೂ ಅವನ ಹೆಬ್ಬೆಟ್ಟಿನ ಗುರುತು ಕಾಣುತ್ತಿತ್ತು. ಕೋಲಿನ ಗಾಳವಲ್ಲದೆ ಇನ್ನೊಂದು ಇತ್ತು, ಅದು ಪೂರಾ ಅವನದೇ ಕಲ್ಪನೆ. ಟೈರ್ ಮೀಟುವ ಸಲಾಕೆಯನ್ನು ದಡದಲ್ಲಿ ಗೂಟದ ಹಾಗೆ ಹೊಡೆದು, ಅದಕ್ಕೆ ಒಳಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಕಟ್ಟಿ, ಪಟ್ಟಿಯ ತುದಿಗೆ ದಪ್ಪ ನೈಲಾನ್ ದಾರ, ದಾರದ ತುದಿಗೆ ಕೊಕ್ಕೆಗಳು ಮತ್ತು ಆ ಸೀಸದ ಗುಂಡು. ದೊಡ್ಡ ಮೀನು ಜಗ್ಗಿದರೆ ರಬ್ಬರು ಹಿಗ್ಗುತ್ತದೆ, ದಾರ ಕಿತ್ತುಹೋಗುವುದಿಲ್ಲ, ಮೀನೇ ಸುಸ್ತಾಗುತ್ತದೆ. ಇದನ್ನು ಕಂಡುಹಿಡಿದ ದಿನ ಅವನು ನನ್ನನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿಕೊಂಡು ಹೋಗಿ ತೋರಿಸಿದ್ದ. ನಿಜಕ್ಕೂ ಚೆನ್ನಾಗಿತ್ತು. ಚಿಕ್ಕಂದಿನಲ್ಲಿ ಹಕ್ಕಿ ಹೊಡೆಯಲು ನಾವೆಲ್ಲ ಕವಣೆ ಮಾಡಿದ್ದೂ ಟ್ಯೂಬಿನಿಂದಲೇ ಎಂದು ನನಗಾಗಲಿ ಅವನಿಗಾಗಲಿ ಆಗ ನೆನಪಾಗಲಿಲ್ಲ.

ಕೈಯಾರೆ ಮಾಡಿದ್ದಕ್ಕೇ ಅಷ್ಟು ಸಂಕಟ. ಅಂಗಡಿಯಿಂದ ತಂದ ಕೊಕ್ಕೆ ಹೋದರೆ ಹೋಗಲಿ, ತನ್ನ ಹೆಬ್ಬೆಟ್ಟು ಒತ್ತಿದ ಸೀಸ ಹೊಂಡದ ತಳದಲ್ಲಿ ಉಳಿಯುವುದನ್ನು ಅವನು ಸಹಿಸುತ್ತಿರಲಿಲ್ಲ. ದಾರವನ್ನು ಬರಿಗೈಗೆ ಸುತ್ತಿಕೊಂಡು ಹಿಂದೆ ಹಿಂದೆ ನಡೆದು ಎಳೆಯುತ್ತಿದ್ದ. ದಾರ ಅಂಗೈ ಕೊಯ್ದು ರಕ್ತ ತೊಟ್ಟಿಕ್ಕಿದರೂ ಬಿಡುತ್ತಿರಲಿಲ್ಲ. ಒಮ್ಮೆ ಮುರಿದ ಫೈಬರ್ ಕೋಲಿನ ಸಿಬಿರು ತೊಡೆಗೆ ಹೊಕ್ಕು, ಅದನ್ನು ಇಕ್ಕಳದಿಂದ ತಾನೇ ಕಿತ್ತು, ಕಿತ್ತ ಸಿಬಿರನ್ನೂ ಮುರಿದು ಬಿಸಾಕಿದ್ದ. ಈ ಮನುಷ್ಯನಿಗೆ ಏನು ಹೇಳುತ್ತೀರಿ?

ಹೊಂಡಕ್ಕೆ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಬರುತ್ತಿದ್ದರು. ಮಡಚುವ ಒಂದು ಸ್ಟೂಲು, ತಲೆಗೊಂದು ಟೋಪಿ, ದಿನಕ್ಕೊಂದು ಬೆರಳುದ್ದದ ಮೀನು, ಅದನ್ನೂ ವಾಪಸು ನೀರಿಗೆ ಬಿಟ್ಟು ಮನೆಗೆ ಹೋಗುವ ಜೀವ. ಒಂದು ಭಾನುವಾರ ಭಾವನ ಗಾಳ ಸಿಕ್ಕಿಕೊಂಡಿತು. ಅವನು ಎಳೆದೂ ಎಳೆದೂ ಸಾಕಾಗಿ, ಕೈಗೆ ಸುತ್ತಿಕೊಳ್ಳಲು ಬಟ್ಟೆ ತರೋಣವೆಂದು ಬೈಕಿನ ಹತ್ತಿರ ಹೋದ. ಪಾಪ, ಮಾಸ್ತರರು ಉಪಕಾರ ಮಾಡೋಣವೆಂದು ಉಗುರು ಕತ್ತರಿಸುವ ಕ್ಲಿಪ್ಪರಿನಿಂದ ದಾರವನ್ನು ಕಚಕ್ಕೆಂದು ಕತ್ತರಿಸಿಬಿಟ್ಟರು.

"ಬಿಡಪ್ಪ, ಹೋಗಿದ್ದು ಹೋಯ್ತು. ಇನ್ನೊಂದು ಕಟ್ಕೊಂಡ್ರಾಯ್ತು" ಅಂದರು.

ಭಾವ ಅವರ ಕೊರಳಪಟ್ಟಿ ಹಿಡಿದು ಎತ್ತಿದ. ನಾನು ಅಲ್ಲೇ ಇದ್ದೆ. ಆ ಮುದುಕರ ಕಾಲು ನೆಲ ಬಿಟ್ಟದ್ದನ್ನು, ಟೋಪಿ ಬಿದ್ದದ್ದನ್ನು, ಬಕ್ಕ ತಲೆಯ ಮೇಲೆ ಬೆವರು ಒಡೆದದ್ದನ್ನು ಕಣ್ಣಾರೆ ನೋಡಿದೆ. ಅವನನ್ನು ಹಿಂದಿನಿಂದ ಅಪ್ಪಿಕೊಂಡು ಎಳೆದೆ. ಅವನು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ. ಕೊನೆಗೆ ಅವರನ್ನು ಕೆಳಗಿಳಿಸಿ, ಸ್ಟೂಲನ್ನು ಬಂಡೆಗೆ ಬಡಿದು ಬಡಿದು ಚಿಂದಿ ಮಾಡಿ ನೀರಿಗೆಸೆದ. ಮಾಸ್ತರರು ನೆಲದ ಮೇಲೆ ಕೂತು, ಟೋಪಿಯ ಧೂಳು ಕೊಡವಿಕೊಂಡರು.

ನಾನು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಸಿದ್ಧ ಉಡುಪಿನ ಕಾರ್ಖಾನೆಗೆ ಮನೆಯಲ್ಲೇ ಕೂತು ಕಾಲರು ಹೊಲಿದುಕೊಡುತ್ತಿದ್ದಳು. ಪೆಡಲಿನ ಮೇಲಿನ ಕಾಲು ನಿಂತಿತು.

"ಸ್ಟೂಲು ಬಡಿದ್ರಾ?"

"ಬಡಿದು ಪುಡಿ ಮಾಡಿದ್ರು."

"ಸ್ಟೂಲಿನ ಕಾಲು ಕೈಗೆ ಬಂತಾ?"

ಅವಳು ಏನು ಕೇಳುತ್ತಿದ್ದಾಳೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಆ ಸಂಜೆ ಭಾವ ಬಂದ ಕೂಡಲೇ ಅವಳು ಹೇಳಿದಳು: "ಅಪ್ಪನೂ ಮೊದಲು ಸಾಮಾನೇ ಒಡೀತಿದ್ದದ್ದು. ಆಮೇಲೆ ಪಕ್ಕದ ಮನೆಯವರ ಮೇಲೆ ಕೈ ಮಾಡಿದ. ಆಮೇಲೆ ನಮ್ಮಮ್ಮ. ನನಗೆ ಈ ದಾರಿಯೆಲ್ಲ ಗೊತ್ತು ರೀ. ನೀವು ಎಲ್ಲಿಗೆ ಬಂದಿದೀರ ಅಂತಾನೂ ಗೊತ್ತು."

ಭಾವ ಹೌಹಾರಿದ. "ನಾನು ನಿನ್ನ ಮೇಲೆ ಯಾವತ್ತಾದ್ರೂ ಕೈ ಎತ್ತಿದೀನಾ? ಹೇಳು. ಒಂದು ಸಲ?"

"ಇಲ್ಲ."

"ಎತ್ತಲ್ಲ ಕಣೇ. ಈ ಕೈ ಕಡಿದು ಹಾಕ್ತೀನಿ, ನಿನ್ನ ಮೇಲೆ ಎತ್ತಲ್ಲ."

"ಹಾಗಾದ್ರೆ ನೀವು ಹೊಂಡಕ್ಕೆ ಹೋದಾಗೆಲ್ಲ ನಾನೂ ಬರ್ತೀನಿ. ನನ್ನೆದುರಿಗೆ ಮುರೀರಿ, ನೋಡೋಣ."

ಹಾಗೆ ಅವಳು ಹೋಗತೊಡಗಿದಳು. ಒಂದು ಚಾಪೆ, ಫ್ಲಾಸ್ಕಿನಲ್ಲಿ ಚಹಾ, ಬಿಚ್ಚಬೇಕಾದ ಹೊಲಿಗೆಯ ಬಟ್ಟೆ, ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಪುಟ್ಟ ಕತ್ತರಿ. ಭಾವ ಮೊದಲು ಪೋಸ್ಟ್ ಮಾಸ್ತರರಿಗೆ ಹೊಸ ಸ್ಟೂಲು ಕೊಟ್ಟು ತಲೆ ತಗ್ಗಿಸಿ ನಿಂತ. ಅವರು ಸ್ಟೂಲು ತೆಗೆದುಕೊಂಡರು, ಆದರೆ ಮಾರನೆಯ ವಾರದಿಂದ ಹೊಂಡದ ಆಚೆ ದಡಕ್ಕೆ ಹೋಗಿ ಕೂತರು. ಅವರನ್ನು ದೂರಲಾಗದು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಇಡೀ ಚಳಿಗಾಲ ಭಾವ ಒಂದು ಕಡ್ಡಿಯನ್ನೂ ಮುರಿಯಲಿಲ್ಲ. ಗಾಳ ಸಿಕ್ಕಿಕೊಂಡಾಗ ಅವನ ದವಡೆ ಬಿಗಿಯುತ್ತಿತ್ತು, ಕತ್ತಿನ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಅಕ್ಕ ಬಟ್ಟೆಯಿಂದ ತಲೆಯೆತ್ತದೆಯೇ ಹೇಳುತ್ತಿದ್ದಳು: "ಎಳೀಬೇಡಿ. ಸಡಿಲ ಬಿಡಿ. ಮಷೀನಲ್ಲಿ ನೂಲು ಸಿಕ್ಕಾದಾಗ ನಾನು ಎಳೀತೀನಾ? ಎರಡು ಹೆಜ್ಜೆ ಮುಂದಕ್ಕೆ ಹೋಗಿ, ದಾರ ಜೋತು ಬೀಳ್ಲಿ, ತಾನೇ ಬಿಡುತ್ತೆ." ಅವನು ಗೊಣಗಿಕೊಂಡು ಮುಂದಕ್ಕೆ ಹೋಗುತ್ತಿದ್ದ. ದಾರ ಜೋತುಬಿದ್ದು, ಸೀಸದ ಭಾರಕ್ಕೆ ಕೊಕ್ಕೆ ಹಿಂದಕ್ಕೆ ಜಾರಿ, ಎಷ್ಟೋ ಸಲ ನಿಜವಾಗಿಯೂ ಬಿಟ್ಟುಕೊಳ್ಳುತ್ತಿತ್ತು. ಹಾಗೆ ಬಿಟ್ಟಾಗ ಅವನ ಮುಖದಲ್ಲಿ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಗಿ ಕಾಣುತ್ತಿತ್ತು. ಬಡಿಯದೆ, ಮೀಟದೆ, ಎಳೆಯದೆ ಬಂದದ್ದು ತನ್ನದಲ್ಲ ಅನ್ನಿಸುತ್ತಿತ್ತೋ ಏನೋ. ಆದರೂ ಅಕ್ಕನ ಮೈಕೈ ತುಂಬಿಕೊಂಡವು ಆಗ. ಅವಳ ನಗು ಹಳೆಯ ನಗುವಿನ ಹಾಗಿರಲಿಲ್ಲ, ನಿರಾಳವಾಗಿತ್ತು. ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಚಳಿಗಾಲ ಕಳೆದ ಮೇಲೆ ಒಂದು ಭಾನುವಾರ ನಾನೂ ಅವರ ಜೊತೆ ಹೋಗಿದ್ದೆ. ಆ ದಿನ ಬೆಳಗಿನಿಂದಲೇ ಎಲ್ಲ ಅಡ್ಡಾದಿಡ್ಡಿ. ಕೋಲಿನ ಗಾಳ ಎರಡು ಸಲ ಹೋಯಿತು, ಎರಡು ಸಲವೂ ಗುಂಡಿನ ಸಮೇತ. ಮೂರನೆಯ ಸಲ ಕೋಲಿನ ತುದಿ ತಾನಾಗಿಯೇ ಮುರಿದು ದಾರದ ಜೊತೆ ನೀರಿಗಿಳಿಯಿತು. ಭಾವ ಮುರಿದ ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ. ಅಷ್ಟು ಮೆಲ್ಲಗೆ ಇಟ್ಟದ್ದು ನೋಡಿ ನಾನು ಅಕ್ಕನ ಕಡೆ ತಿರುಗಿದೆ. ಆಮೇಲೆ ಗೂಟದ ಗಾಳ ಹಾಕಿದ. ಅದೂ ಸಿಕ್ಕಿಕೊಂಡಿತು.

"ಸಡಿಲ ಬಿಡಿ" ಅಂದಳು ಅಕ್ಕ.

ಬಿಟ್ಟ. ಬರಲಿಲ್ಲ. ಇನ್ನೊಂದು ಸಲ ಬಿಟ್ಟ. ಬರಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅವಸರ ಏನಿದೆ?"

"ಸಾಕು ಸುಮ್ನಿರೇ!" ಎಂದು ಕಿರುಚಿದ. ಆಚೆ ದಡದಲ್ಲಿ ಮಾಸ್ತರರು ಎದ್ದು ನಿಂತದ್ದು ಕಂಡಿತು. "ಚಳಿಗಾಲ ಪೂರ್ತಿ ಸಡಿಲ ಬಿಟ್ಟಿದೀನಿ. ಇವತ್ತು ಇದರ ಹೆಣ ಎಳೀದಿದ್ರೆ ನನ್ನ ಹೆಸರು ಬದಲಾಯಿಸು."

ಗೂಟವನ್ನು ಒದ್ದು ಕಿತ್ತ. ರಬ್ಬರ್ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಹೆಗಲ ಮೇಲೆ ಹಾಕಿಕೊಂಡು, ನೀರಿಗೆ ಬೆನ್ನು ತಿರುಗಿಸಿ, ಗಾಡಿ ಎಳೆಯುವವನ ಹಾಗೆ ಬಗ್ಗಿ ದಡ ಹತ್ತತೊಡಗಿದ. ರಬ್ಬರು ಹಿಗ್ಗಿತು. ಇನ್ನೂ ಹಿಗ್ಗಿತು. ಬೆರಳಗಲದ ಪಟ್ಟಿ ತೆಳ್ಳಗಾಗಿ ಬಿಳಿಚಿಕೊಂಡು ಸಣ್ಣಗೆ ಕಿರುಗುಟ್ಟತೊಡಗಿತು. ಅವನ ಮುಂಗೈಯ ಚರ್ಮ ಸುಲಿದು ಮೇಲೆ ಬಂದಿತ್ತು. ಹಲ್ಲು ಕಡಿಯುವ ಸದ್ದು ನನಗೆ ಕೇಳುತ್ತಿತ್ತು. "ಬಾರೇ... ಬಾರೇ ಮುಂಡೇದೆ..." ಎಂದು ಒಂದೊಂದು ಹೆಜ್ಜೆಗೂ ಬೈಯುತ್ತಿದ್ದ.

ಅಕ್ಕ ದಡದ ಮೇಲೆ ಹಾಸಿದ್ದ ಚಾಪೆಯಿಂದ ಎದ್ದು, ಕೊರಳಿನ ಕತ್ತರಿ ಕೈಗೆ ತೆಗೆದುಕೊಂಡು ಇಳಿದು ಬಂದಳು. "ಬಿಡಿ ರೀ, ಕೈ ಹೋಗುತ್ತೆ. ನಾನು ಕತ್ತರಿಸ್ತೀನಿ."

"ಮುಟ್ಟಿದ್ರೆ ನೋಡು!"

ಅವಳು ನಿಂತಳು. ಸರಿಯಾಗಿ ಅವನ ಎದುರಿಗೆ, ದಾರದ ನೇರಕ್ಕೆ. ಅವನು ಕತ್ತು ಬಗ್ಗಿಸಿ ಇನ್ನೊಂದು ಹೆಜ್ಜೆ ಎಳೆದ.

ನೀರಿನ ತಳದಲ್ಲಿ ಕೊಕ್ಕೆಯ ಬಾಗು ಬಿಚ್ಚಿ ನೆಟ್ಟಗಾಗಿ ಬಿಟ್ಟುಕೊಂಡಿತು. ಭಾವ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ. ಅವನ ಮೇಲಿನಿಂದ ಏನೋ ಹಾರಿಹೋಯಿತು. ನನಗೆ ಕಂಡದ್ದು ನೀರಿನ ಒಂದು ಗೆರೆ ಮಾತ್ರ. ಆಮೇಲೆ ಒಂದು ಸದ್ದು. ಆ ಸದ್ದನ್ನು ನಾನು ಬರೆಯುವುದಿಲ್ಲ. ಅಕ್ಕ ಕಿರುಚಲೂ ಇಲ್ಲ, ಕಾಲು ಮಡಚಿ ಹಾಗೇ ಕೂತುಬಿಟ್ಟಳು. ಎಡಗಣ್ಣಿನ ಮೇಲೆ ಇಟ್ಟುಕೊಂಡ ಕೈಯ ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯಿತು. ಇನ್ನೊಂದು ಕೈ ಕತ್ತರಿಯನ್ನು ಹಿಡಿದೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ತಲೆಯಾಡಿಸಿದರು. ಕಣ್ಣು ಉಳಿಯಲಿಲ್ಲ, ಮೂಳೆಯೂ ಬಿರುಕು ಬಿಟ್ಟಿದೆ, ಜೀವ ಉಳಿದದ್ದೇ ದೊಡ್ಡದು ಎಂದರು. ಭಾವ ಎದ್ದು ಹೋಗಿ ಕಾರಿಡಾರಿನ ಗೋಡೆಗೆ ಬಲಗೈ ಮುಷ್ಟಿಯಿಂದ ಗುದ್ದಿದ. ಇನ್ನೊಂದು ಸಲ ಗುದ್ದಿದ. ಗೋಡೆಯ ಮೇಲೆ ಅವನ ಬೆರಳ ಗಂಟುಗಳ ರಕ್ತ ಅಚ್ಚೊತ್ತಿತು. ಒಳಗೆ ಮೂಳೆ ಮುರಿದದ್ದು ಕೇಳಿಸಿತು, ಅವನು ನಿಲ್ಲಿಸಲಿಲ್ಲ. ನರ್ಸು ಕೂಗಿಕೊಂಡಳು. ನಾಲ್ಕು ಜನ ಹಿಡಿದೆವು. ಅವನ ಮುಖದ ಹತ್ತಿರ ಮುಖ ತಂದು ನಾನು ಹೇಳಿದೆ, ಅಷ್ಟು ವರ್ಷದಲ್ಲಿ ಮೊದಲ ಸಲ ಏಕವಚನದಲ್ಲಿ: "ಒಡೀಬೇಡ. ಇನ್ನೇನೂ ಒಡೀಬೇಡ. ಒಡೆದದ್ದು ಸಾಕು." ಅವತ್ತು ನನಗೆ ಅವನನ್ನು ಕೊಲ್ಲಬೇಕು ಅನ್ನಿಸಿತ್ತು. ಕೈಯಲ್ಲಿ ಕಬ್ಬಿಣದ ಸಲಾಕೆ ಇದ್ದಿದ್ದರೆ ಏನಾಗುತ್ತಿತ್ತೋ.

ಅಕ್ಕನಿಗೆ ಎಚ್ಚರವಾದ ಮೇಲೆ ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. ಕೈಗೆ ಪಟ್ಟಿ ಹಾಕಿದ್ದರು.

"ನಾನು ನಿನ್ನ ಹೊಡೀಲಿಲ್ಲ ಕಣೇ" ಅಂದ. "ದೇವರಾಣೆಗೂ ನಾನು ನಿನ್ನ ಮೇಲೆ ಕೈ ಎತ್ತಲಿಲ್ಲ."

"ಇಲ್ಲ, ಎತ್ತಲಿಲ್ಲ" ಅಂದಳು ಅಕ್ಕ. "ಹಾಗಾದ್ರೆ ನನ್ನ ಕಣ್ಣಿಗೆ ಹೊಡೆದವರು ಯಾರು ಅಂತ ನಾನು ಯಾರನ್ನ ಕೇಳ್ಲಿ?"



ಬಿಡುಗಡೆಯಾದ ಮೇಲೆ ಅವಳು ನನ್ನ ಮನೆಯಲ್ಲಿ ಇದ್ದಳು. ಭಾವ ಅಂಗಡಿಯ ಷಟರು ಅರ್ಧಕ್ಕಿಳಿಸಿ ಒಳಗೇ ಕೂತಿರುತ್ತಿದ್ದ. ಲಾರಿಯವರು ಬಂದು ಕೂಗಿ ಹೋಗುತ್ತಿದ್ದರು. ಕಣ್ಣಿನ ಕಟ್ಟು ಬಿಚ್ಚಿದ ಮಾರನೆಯ ಬೆಳಿಗ್ಗೆ ಅಕ್ಕ, "ಅಂಗಡಿಗೆ ಕರ್ಕೊಂಡು ಹೋಗು. ಆ ರಬ್ಬರು, ನನ್ನ ಕಣ್ಣಿಗೆ ಬಡಿದ ಆ ಗುಂಡು ಎಲ್ಲಿದೆ? ಅದನ್ನೂ ತಗೋ" ಅಂದಳು. ಅವು ನನ್ನ ಹತ್ತಿರವೇ ಇದ್ದವು, ದಾರದ ಸಮೇತ. ಯಾಕೆ ಇಟ್ಟುಕೊಂಡಿದ್ದೆನೋ ಗೊತ್ತಿಲ್ಲ. ಗುಂಡಿನ ಮೇಲೆ ಆ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು.

ಷಟರಿನ ಕೆಳಗೆ ತೂರಿ ನಾವು ಒಳಗೆ ಹೋದಾಗ ಭಾವ ಎದ್ದು ನಿಂತ. ಅಕ್ಕ ರಬ್ಬರಿನ ತುದಿಯನ್ನು ಅವನ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ. ಗೋಡೆ ಹತ್ರ ನಿಂತ್ಕೊಳ್ಳಿ. ನನ್ನ ಎದುರಿಗೆ."

ಅವನು ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತ. ತಲೆಯ ಮೇಲೆ ಅವನದೇ ಕೆಂಪು ಅಕ್ಷರಗಳು. ಅಕ್ಕ ದಾರವನ್ನೆಲ್ಲ ಅಂಗೈಗೆ ಗಿಡ್ಡವಾಗಿ ಸುತ್ತಿ, ಸೀಸದ ಗುಂಡನ್ನು ಬೆರಳುಗಳಲ್ಲಿ ಹಿಡಿದು, ಹಿಂದಕ್ಕೆ ಹೆಜ್ಜೆ ಇಟ್ಟಳು. ನಾನು ಅವಳ ತೋಳು ಹಿಡಿಯಲು ಹೋದೆ, ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು, ನಾನು ಹಿಂದೆ ಸರಿದೆ. ರಬ್ಬರು ಹಿಗ್ಗಿತು. ಅವಳು ಕಂಪ್ರೆಸರು ದಾಟಿದಳು, ಟೈರುಗಳ ರಾಶಿ ದಾಟಿದಳು, ಷಟರಿಗೆ ಬೆನ್ನು ತಾಗಿತು. ಪಟ್ಟಿ ಬಿಳಿಚಿಕೊಂಡು ಅದೇ ಸದ್ದು ಮಾಡತೊಡಗಿತು. ಗುಂಡು ನೇರ ಅವನ ಮುಖಕ್ಕಿತ್ತು.

"ಅಕ್ಕಾ, ಬೇಡ" ಅಂದೆ.

"ಬಿಡ್ಲಾ?" ಎಂದು ಅವನನ್ನು ಕೇಳಿದಳು.

ಭಾವ ಪಕ್ಕಕ್ಕೆ ಸರಿಯಲಿಲ್ಲ. ಕಣ್ಣೂ ಮುಚ್ಚಲಿಲ್ಲ. "ಬಿಡು" ಅಂದ.

ಅವಳ ಮುಖ ಆಗ ನಮ್ಮಪ್ಪನ ಮುಖವಾಗಿತ್ತು. ಅದೇ ಹುಬ್ಬು, ಅದೇ ಬಿಗಿದ ತುಟಿ. ಕುರ್ಚಿ ಎತ್ತಿದ ದಿನ ನಾನು ಬಾಗಿಲ ಸಂದಿಯಿಂದ ನೋಡಿದ ಮುಖ ಅದು. ಈಗ ಬಿಡುತ್ತಾಳೆ, ಇದೋ ಬಿಟ್ಟಳು ಅಂದುಕೊಂಡೆ.

ಅವಳು ಒಂದು ಹೆಜ್ಜೆ ಮುಂದಕ್ಕಿಟ್ಟಳು. ಇನ್ನೊಂದು ಇಟ್ಟಳು. ರಬ್ಬರಿನ ಸದ್ದು ನಿಂತಿತು, ಅದರ ಬಣ್ಣ ಕಪ್ಪಾಯಿತು, ಅದು ನಡುವೆ ಜೋತುಬಿತ್ತು, ನೆಲಕ್ಕೆ ತಾಗಿತು. ಅವಳು ಟೈರುಗಳನ್ನು ದಾಟಿ ಅವನ ಹತ್ತಿರ ಬಂದು, ಮುರಿದ ಕೈಯನ್ನು ಬಿಡಿಸಿ, ಗುಂಡನ್ನು ಅಂಗೈಯಲ್ಲಿಟ್ಟಳು.

"ನಾನು ಅಪ್ಪನ ಮಗಳು. ಹೊಡೆಯೋದು ನನ್ನ ಕೈಗೂ ಬರುತ್ತೆ. ಬಿಡಬೋದಿತ್ತು, ಬಿಡಬೇಕು ಅಂತಾನೇ ಬಂದಿದ್ದೆ" ಅಂದಳು. "ಮುಂದಕ್ಕೆ ಬಂದೆ. ಇಷ್ಟೇ ರೀ ಮಾಡ್ಬೇಕಾಗಿದ್ದಿದ್ದು. ಮುಂದಕ್ಕೆ ಬರ್ಬೇಕಿತ್ತು."

ಭಾವ ಗೋಡೆಗೊರಗಿ ಹಾಗೇ ಜಾರಿ ಕೂತು, ದೊಡ್ಡ ದನಿ ತೆಗೆದು ಅತ್ತ. ಗಂಡಸು ಅಷ್ಟು ಜೋರಾಗಿ ಅಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರಸ್ತೆಯವರು ನೋಡದಿರಲೆಂದು ನಾನು ಷಟರನ್ನು ಪೂರ್ತಿ ಇಳಿಸಿದೆ. ಅವನ ಮೇಲೆ ನನಗೆ ಕರುಣೆ ಬರಲಿಲ್ಲ. ಇವತ್ತಿಗೂ ಪೂರ್ತಿ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ.

ಕೆಲವು ತಿಂಗಳ ಮೇಲೆ ಅಕ್ಕ ತಾನಾಗಿಯೇ ಮನೆಗೆ ಹೋದಳು. ಹೋಗಬೇಡ ಅಂದೆ, ಕೇಳಲಿಲ್ಲ. ಹೊಂಡದ ಕಡೆ ಈಗ ಯಾರೂ ತಲೆ ಹಾಕುವುದಿಲ್ಲ. ಬಾಲ್ಕನಿಯ ಹಳೆಯ ಕೋಲುಗಳನ್ನು ಅವಳು ಕಿತ್ತು ಎಸೆದಿದ್ದಾಳೆ, ಟೊಮ್ಯಾಟೊ ಗಿಡಗಳು ಮನಸ್ಸಿಗೆ ಬಂದತ್ತ ಬಾಗಿಕೊಂಡು ಬೆಳೆಯುತ್ತಿವೆ.

ಒಂದೇ ಕಣ್ಣಿನಲ್ಲಿ ಸೂಜಿಗೆ ನೂಲು ಪೋಣಿಸಲು ಅವಳಿಗೆ ಆಗುವುದಿಲ್ಲ, ಸೂಜಿಯ ಕಣ್ಣು ಎಷ್ಟು ದೂರದಲ್ಲಿದೆ ಎಂದೇ ತಿಳಿಯುವುದಿಲ್ಲವಂತೆ. ಅದಕ್ಕೆ ಅಂಗಡಿಗೆ ಹೊರಡುವ ಮೊದಲು ಭಾವ ಯಂತ್ರದ ಮುಂದೆ ಕೂತು ಪೋಣಿಸಿಕೊಡುತ್ತಾನೆ. ಟೈರಿನ ಮಸಿ ಹಿಡಿದ ದಪ್ಪ ಬೆರಳು, ಗೋಡೆಗೆ ಗುದ್ದಿ ಸೊಟ್ಟಗಾದ ಬೆರಳು, ನೂಲಿನ ತುದಿ ಒಂದು ಸಲಕ್ಕೆ ಹೋಗುವುದೇ ಇಲ್ಲ. ಎರಡನೆಯ ಸಲವೂ ತಪ್ಪುತ್ತದೆ. ಅವನ ದವಡೆ ಬಿಗಿಯುತ್ತದೆ, ಕತ್ತಿನ ನರ ಉಬ್ಬುತ್ತದೆ. ಅಕ್ಕ ಕಾಲರು ಮಡಚುವುದನ್ನು ನಿಲ್ಲಿಸಿ ಪಕ್ಕದಿಂದ ನೋಡುತ್ತಾಳೆ. ಅವನು ಉಸಿರು ಬಿಟ್ಟು, ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಮತ್ತೆ ಬಗ್ಗುತ್ತಾನೆ. ಅದು ಸೂಜಿಯೊಳಗೆ ಹೋಗುವವರೆಗೂ ಅವಳು ನೋಡುತ್ತಲೇ ಇರುತ್ತಾಳೆ.